ಗಿಡ್ಡ ಹಗ್ಗ

ದೀಪ ಹಚ್ಚುವ ಹೊತ್ತಿಗೆ ಕರೆಪ್ಪ ಎಣಿಸಲು ಕೂಡುತ್ತಿದ್ದ. ಐವತ್ತು ವರ್ಷ ಕುರಿ ಎಣಿಸಿದ ಬಾಯಿ. ದೋಣಿಯ ಮೇಲೆ ಕುರಿ ಇಲ್ಲವೆಂದು ಅದು ಸುಮ್ಮನಾಗಲಿಲ್ಲ. ಎರಡು ಕೊಡ, ಒಂದು ಬಕೀಟು, ಉಣ್ಣುವ ನಾಲ್ಕು ಗಂಗಾಳ, ಡೀಸೆಲ್ಲಿನ ಎರಡು ಡಬ್ಬಿ. ಕೊನೆಗೆ ಮನುಷ್ಯರು. ಮಗ ಮಾಲಿಂಗ, ಸೊಸೆ ಕಸ್ತೂರಿ, ಆರು ವರ್ಷದ ಮೊಮ್ಮಗಳು ನಂದಾ, ತಾನು. ನಾಲ್ಕು ಎಂದ ಮೇಲೂ ಅವನ ತುಟಿ ಇನ್ನೊಂದು ಸಲ ಅಲುಗುತ್ತಿತ್ತು. ಆದರೆ ಐದು ಎಂಬ ಶಬ್ದ ಹೊರಗೆ ಬರುತ್ತಿರಲಿಲ್ಲ.

ಅದನ್ನು ನೋಡಬಾರದೆಂದು ಕಸ್ತೂರಿ ಒಲೆಯ ಕಡೆಗೆ ತಿರುಗುತ್ತಿದ್ದಳು. ಆದರೆ ಇಪ್ಪತ್ತೆಂಟು ಅಡಿಯ ದೋಣಿಯಲ್ಲಿ ಎಷ್ಟು ತಿರುಗಿದರೂ ಇನ್ನೊಬ್ಬರ ಮುಖ ಎದುರಿಗೇ ಇರುತ್ತಿತ್ತು.

ದೋಣಿ ಗೋವಾದ್ದು. ಮಾಲಿಂಗ ಅಲ್ಲಿ ಒಂಬತ್ತು ವರ್ಷ ಪ್ರವಾಸಿಗಳನ್ನು ನದಿಯ ಮೇಲೆ ತಿರುಗಾಡಿಸುವ ದೋಣಿಗಳ ಮೇಲೆ ದುಡಿದಿದ್ದ. ಹಳತಾಗಿ ದಂಡೆಗೆ ಬಿದ್ದಿದ್ದ ಒಂದನ್ನು ಮಾಲೀಕನಿಂದ ಕೊಂಡು, ಲಾರಿಯ ಮೇಲೆ ಹೇರಿ ಘಟ್ಟ ಹತ್ತಿಸಿ, ದಸರೆಯ ಹೊತ್ತಿಗೆ ಹಿಡಕಲ್ ಜಲಾಶಯದ ನೀರಿಗೆ ಇಳಿಸಿದ. ಜನರನ್ನು ಸುತ್ತಾಡಿಸಬೇಕು, ಅದರಲ್ಲೇ ಬದುಕಬೇಕು ಎಂಬುದು ಅವನ ಲೆಕ್ಕ. ಪರವಾನಗಿಯ ಕಾಗದ ಮಾತ್ರ ಬರಲಿಲ್ಲ. ಅದು ಬರುವವರೆಗೆ ತಮ್ಮೂರು ಮೇಲವಂಕಿಯ ಮನೆಗೆ ಬೀಗ ಹಾಕಿ ಇದರಲ್ಲೇ ಇರೋಣ ಎಂದು ಬಂದವರು ಐದು ತಿಂಗಳಾದರೂ ಇದರಲ್ಲೇ ಇದ್ದರು.

ಎರಡು ದಿನ ಒಂದು ದಂಡೆ, ಮೂರು ದಿನ ಇನ್ನೊಂದು. ಮಾಲಿಂಗ ಮೀನುಗಾರರ ಬಲೆ ಸಾಗಿಸುತ್ತಿದ್ದ, ಸಂತೆಗೆ ಹೋಗುವವರನ್ನು ಆಡುಗಳ ಸಮೇತ ಆಚೆ ದಡಕ್ಕೆ ಬಿಡುತ್ತಿದ್ದ, ಫೋಟೋ ತೆಗೆಸಿಕೊಳ್ಳಲು ಬರುವ ಹೊಸ ಮದುಮಕ್ಕಳನ್ನು ಚೊಕ್ಕ ಮಾಡಿದ ಬೆಂಚಿನ ಮೇಲೆ ಕೂಡಿಸುತ್ತಿದ್ದ. ಕಸ್ತೂರಿ ನಸುಕಿನಲ್ಲೆದ್ದು ತಳದಲ್ಲಿ ಜಿನುಗಿದ ನೀರನ್ನು ಡಬ್ಬಿಯಿಂದ ಎತ್ತಿ ಹಾಕುತ್ತಿದ್ದಳು. ಕುಡಿಯುವ ನೀರನ್ನು ಹಳೆಯ ಧೋತರದಲ್ಲಿ ಸೋಸುತ್ತಿದ್ದಳು. ದೋಣಿ ನಡೆಯುವಾಗ ಒಲೆಯ ಉರಿ ಒಂದೇ ಕಡೆ ವಾಲುವುದರಿಂದ, ರೊಟ್ಟಿಯನ್ನು ನಿಂತಾಗಲೇ ಬಡಿದು ಮುಗಿಸಬೇಕು. ಮಾಡಿನ ಮೇಲೆ ಒಣಗಿಸಿದ ಸೀರೆಗೆ ಮೀನಿನ ವಾಸನೆ ಹತ್ತುತ್ತಿತ್ತು. ನಂದಾಳ ನಡುವಿಗೆ ಕುರಿಮರಿಯ ಹಗ್ಗ ಕಟ್ಟಿ ಅದರ ತುದಿಯನ್ನು ಬೆಂಚಿನ ಕಾಲಿಗೆ ಬಿಗಿದಿದ್ದರು. ಆಕೆ ಹಗ್ಗ ಮುಟ್ಟುವಷ್ಟು ದೂರದಲ್ಲೇ ಇದ್ದಿಲಿನಿಂದ ಅ, ಆ ಬರೆಯುತ್ತಿದ್ದಳು. ಕೈ ನಿಲುಕುವಷ್ಟು ಗೋಡೆಯೆಲ್ಲ ಅಕ್ಷರವಾಗಿತ್ತು.

ದಡ್ಡಿಯ ದಂಡೆಗೆ ಬಂದಾಗಲೆಲ್ಲ, ಬಟ್ಟೆ ಒಗೆಯುವ ಉದ್ದವ್ವ ಕಲ್ಲಿನ ಮೇಲಿಂದಲೇ ಕೂಗುತ್ತಿದ್ದಳು. "ಏನ ಕಸ್ತೂರಿ, ನಿಮ್ಮ ಮನಿ ಇವತ್ತ ಯಾವ ಊರಾಗ ಐತೇ?"

"ನಿಮ್ಮೂರಾಗ ಐತ್ರಿ ಕಾಕೂ. ಹಾಲ ಇದ್ರ ಒಂದ ಚರಿಗಿ ಕಳಸ್ರಿ."

"ಕುರಬರು ಕುರಿ ಬಿಟ್ಟ ನೀರ ಕಾಯಾಕತ್ರಲ್ಲವಾ! ನೀರೇನ ಮರಿ ಹಾಕತೈತೇನ?"

ಕಸ್ತೂರಿ ನಗುತ್ತಿದ್ದಳು. ಕರೆಪ್ಪ ಆಗ ಮುಖ ಆಚೆ ಮಾಡಿ, ದಂಡೆಯಿಂದ ನೂರಿನ್ನೂರು ಮಾರು ಆಚೆಗೆ, ಏನೂ ಇಲ್ಲದ ನೀರಿನ ಕಡೆಗೆ ನೋಡುತ್ತ ಕೂಡುತ್ತಿದ್ದ. ಅಲ್ಲಿ ಏನಿದೆಯೆಂದು ಕಸ್ತೂರಿಗೆ ಗೊತ್ತಿತ್ತು. ಅವನ ಹೆಂಡತಿ ಸೀತವ್ವ ಅಲ್ಲಿದ್ದಳು.

ಎರಡು ವರ್ಷದ ಹಿಂದಿನ ವೈಶಾಖ. ಜಲಾಶಯದ ನೀರು ಹಿಂದೆ ಸರಿದಿತ್ತು. ಒಣಗಿದ ಅದರ ತಳದಲ್ಲಿ ಕರೆಪ್ಪನ ಹಿಂಡು ಮೇಯುತ್ತಿತ್ತು. ಅವರು ಅಲ್ಲಿಗೆ ಬರುತ್ತಿದ್ದದ್ದು ಅದು ಮೂರನೇ ಬೇಸಿಗೆ. ಪ್ರತಿ ಸಲವೂ ಮಳೆಗೆ ಮುಂಚೆ ಹಿಂಡು ಎಬ್ಬಿಸಿಕೊಂಡು ಮೇಲವಂಕಿಗೆ ಹೊರಟುಬಿಡುತ್ತಿದ್ದರು. ಹೀಗಾಗಿ ಆ ನೆಲದ ಮೇಲೆ ನೀರು ನಿಂತದ್ದನ್ನು ಅವರು ಯಾರೂ ಕಣ್ಣಿಂದ ಕಂಡವರಲ್ಲ. ಮಾಲಿಂಗ ಗೋವಾದಲ್ಲಿದ್ದ. ಹಿಂಡಿನ ಜೊತೆ ಮುದುಕ, ಮುದುಕಿ, ಕಸ್ತೂರಿ, ಕೂಸು. ಸೀತವ್ವನಿಗೆ ಮೂರು ದಿನ ಜ್ವರ. ನಾಲ್ಕನೆಯ ದಿನ ಬೆಳಗ್ಗೆ ಅವಳು, "ಮನಿಗಿ ಹೋಗೂಣು" ಎಂದಳು. ಅಷ್ಟೇ. ಆ ಕೆಸರು ಬಿರಿದ ನೆಲದೊಳಗೆ ಯಾವ ಗಾಡಿಯೂ ಇಳಿಯುತ್ತಿರಲಿಲ್ಲ. ಬಿಸಿಲು ಏರುತ್ತಿತ್ತು. ಕರೆಪ್ಪ ಸಲಿಕೆ ಹಿಡಿದು ನಿಂತ. ಎಲ್ಲಿ ಅಗೆಯುವುದು ಅವನಿಗೆ ತಿಳಿಯಲಿಲ್ಲ.

"ಅಲ್ಲಿ ಮಾವಾ, ಆ ಹಸರ ಹುಲ್ಲಿನಾಗ," ಎಂದು ತೋರಿಸಿದವಳು ಕಸ್ತೂರಿ.

ಸುತ್ತಲೆಲ್ಲ ಬೂದಿ ಬಣ್ಣದ ನೆಲ. ಅದೊಂದು ತುಣುಕು ಮಾತ್ರ ಹಸಿರು. ಕುರುಬರ ಮನೆಯಲ್ಲಿ ಹುಟ್ಟಿದವರ ಕಣ್ಣು ಮೊದಲು ಹುಲ್ಲಿಗೇ ಹೋಗುತ್ತದೆ. ಹುಲ್ಲು ಚೆನ್ನಾಗಿದ್ದರೆ ನೆಲ ಚೆನ್ನ, ನೆಲ ಚೆನ್ನಾಗಿದ್ದರೆ ಅಲ್ಲಿ ಮಲಗಿದವರಿಗೂ ಚೆನ್ನ. ಆ ಹುಲ್ಲು ಯಾಕೆ ಹಸಿರಾಗಿದೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ನೀರು ಎಲ್ಲಕ್ಕೂ ಕೊನೆಗೆ ಬಿಟ್ಟುಹೋದ ತಗ್ಗು ಅದು. ಆಷಾಢದಲ್ಲಿ ಎಲ್ಲಕ್ಕೂ ಮೊದಲು ಮುಳುಗಿದ್ದೂ ಅದೇ. ದಿವಸದ ಕಾರ್ಯ ಮುಗಿಸಿ ತಿಂಗಳೆರಡು ಕಳೆದ ಮೇಲೆ ಕರೆಪ್ಪ ಕಲ್ಲು ನಿಲ್ಲಿಸಲೆಂದು ಬಂದವನು, ಕಣ್ಣು ಹಾಯುವಷ್ಟು ದೂರ ಹರಡಿದ ನೀರಿನ ಮುಂದೆ ಸಂಜೆಯವರೆಗೆ ನಿಂತು ತಿರುಗಿ ಹೋದ. ಮುಂದಿನ ಬೇಸಿಗೆಯಲ್ಲಿ ನೀರು ಅಷ್ಟು ಇಳಿಯಲೇ ಇಲ್ಲ. ಅವನು ಹಿಂಡನ್ನು ಅಣ್ಣನ ಮಗನ ಪಾಲಿಗೆ ಬಿಟ್ಟ. ಮಾಲಿಂಗ ದೋಣಿಯ ಮಾತು ತೆಗೆದಾಗ, ಎಲ್ಲರೂ ಬೇಡವೆಂದರೂ, ಹೂಂ ಎಂದವನು ಅವನೊಬ್ಬನೇ. ಯಾಕೆಂದು ಯಾರೂ ಕೇಳಲಿಲ್ಲ. ಹುಲ್ಲಿನ ಮಾತನ್ನಂತೂ ಎರಡು ವರ್ಷದಲ್ಲಿ ಅವನು ಸೊಸೆಯೆದುರು ಒಮ್ಮೆಯೂ ಎತ್ತಿರಲಿಲ್ಲ. ಬೈದಿದ್ದರೆ ಕಸ್ತೂರಿಗೆ ಹಗುರವಾಗುತ್ತಿತ್ತು.

ಮಾರ್ಚಿನ ಆ ಶನಿವಾರ ದೋಣಿ ದಡ್ಡಿಯ ದಂಡೆಯಲ್ಲಿತ್ತು. ಮಾಲಿಂಗ ಹುಕ್ಕೇರಿಗೆ ಹೊರಟಿದ್ದ. ಅವನ ಮುಖದಲ್ಲಿ ಬಹಳ ದಿನಗಳ ಮೇಲೆ ಒಂದು ಕಳೆಯಿತ್ತು. ಡ್ಯಾಮಿನ ಹತ್ತಿರ ವಸತಿಗೃಹ ಕಟ್ಟಿಸಿದ್ದ ಶ್ರೀಶೈಲ ಎಂಬವನು ಸೋಮವಾರ ದೋಣಿ ನೋಡಲು ಬರುವವನಿದ್ದ. ಪರವಾನಗಿ ಅವನ ಹೆಸರಿನಲ್ಲಿತ್ತು, ದೋಣಿ ಇರಲಿಲ್ಲ.

"ಸೋಮವಾರ ಮುಂಜಾನಿ ಡ್ಯಾಮಿನ ಬಾಜೂ ದೋಣಿ ನಿಂತಿರಬೇಕ ನೋಡು," ಎಂದ ಮಾಲಿಂಗ. "ಚಲೋ ಕಂಡ್ರ ಅವತ್ತ ಮಾತ ಮುಗಸ್ತಾನ. ನನಗ ತಿಂಗಳ ಪಗಾರ. ಇರಾಕ ಒಂದ ಖೋಲಿ. ನಂದಾನ ಸಾಲಿ ಎದುರಿಗೇ ಐತಿ."

"ಖೋಲಿಗಿ ನೆಲಾ ಐತಿಲ್ಲೋ?" ಎಂದಳು ಕಸ್ತೂರಿ.

"ನೆಲಾ ಇಲ್ದ ಖೋಲಿ ಇರ್ತಾವೇನ?"

"ನಿಮ್ಮನ್ನ ನಂಬಾಕ ಬರೂದಿಲ್ರಿ. ಅಂಗಳಾ ಇಲ್ದ ಮನಿ ತಂದ ಕೊಟ್ಟೀರಿ."

ಮಾಲಿಂಗ ನಕ್ಕ. ಕರೆಪ್ಪ ಮಾತ್ರ ಕೇಳಿದ. "ಅಲ್ಲಿ ಹೋದ್ರ ಮತ್ತ ಈ ಕಡೆ ಬರೂದು?"

"ಯಾಕ ಬರೂದಪ್ಪಾ? ಈ ಕಡೆ ಏನೈತಿ?"

ಕರೆಪ್ಪ ನೀರಿನ ಕಡೆಗೆ ತಿರುಗಿದ. ಮಾಲಿಂಗನಿಗೆ ತಾಯಿ ಸತ್ತದ್ದು ಫೋನಿನಲ್ಲಿ ತಿಳಿದಿತ್ತು. ಅವನು ಊರಿಗೆ ಬರುವಷ್ಟರಲ್ಲಿ ಮಣ್ಣಾಗಿ ಮೂರು ದಿನ. ಹೂತ ಜಾಗವನ್ನು ಅವನು ನೋಡಿರಲಿಲ್ಲ, ಅವನಿಗೆ ಈ ದಂಡೆ ಎಂದರೆ ಬರಿ ದಂಡೆ. ಹಾಗೆಂದು ಅವನನ್ನು ದೂರುವಂತೆಯೂ ಇರಲಿಲ್ಲ.

ಇಳಿಯುವ ಮುಂಚೆ ಅವನು ಹೆಂಡತಿಗೆ ಇನ್ನೊಮ್ಮೆ ಹೇಳಿದ. "ನಿಮ್ಮಣ್ಣನ ಫೋನ್ ಬಂದ್ರ ದಂಡಿ ಹಗ್ಗ ಉದ್ದ ಬಿಟ್ಟು ಹಿಂದಿನ ಲಂಗರ ಜಗ್ಗು. ದೋಣಿ ತಾನ ಒಳಗ ಹೊಕ್ಕೈತಿ. ಅಪ್ಪನ ಕೈಯಾಗ ಹಗ್ಗ ಕೊಡಬ್ಯಾಡ, ಕುದರಿ ಕಟ್ಟಿದಂಗ ಕಟ್ಟತಾನ."

ಇದು ಅವರ ಪದ್ಧತಿಯಾಗಿತ್ತು. ಡ್ಯಾಮಿನಿಂದ ಕಾಲುವೆಗೆ ನೀರು ಬಿಟ್ಟರೆ ಜಲಾಶಯ ದಿನಕ್ಕೆ ಗೇಣಿನ ಲೆಕ್ಕದಲ್ಲಿ ಇಳಿಯುತ್ತದೆ. ಮೊದಲು ಸುದ್ದಿ ತಿಳಿಯುವುದು ಕಾಲುವೆಯ ಕೊನೆಯಲ್ಲಿ ಬಾಯಿಬಿಟ್ಟು ಕಾಯುವವರಿಗೆ. ಕಸ್ತೂರಿಯ ಅಣ್ಣ ಶಿವಪುತ್ರನ ಹೊಲ ಮೂಡಲಗಿಯಲ್ಲಿ. ಅವನು ಖುಷಿಗೆ ಫೋನು ಮಾಡುತ್ತಿದ್ದ, ಇವಳು ಗಂಡನಿಗೆ ಹೇಳುತ್ತಿದ್ದಳು, ದೋಣಿ ಆಳಕ್ಕೆ ಸರಿಯುತ್ತಿತ್ತು. ಕರೆಪ್ಪನಿಗೆ ಇದೆಲ್ಲ ಮೊದಮೊದಲು ತಿಳಿಯುತ್ತಿರಲಿಲ್ಲ. ಹೇರು ಹೊರುವ ಕುದುರೆಯನ್ನು ಕಾಲಿಗೆ ಸುತ್ತಿಕೊಳ್ಳದಂತೆ ಗಿಡ್ಡ ಹಗ್ಗದಲ್ಲಿ ಕಟ್ಟಿದವನು, ದೋಣಿಯನ್ನೂ ಹಾಗೇ ಕಟ್ಟಿ ಮಗನ ಕೈಯಲ್ಲಿ ಬೈಸಿಕೊಳ್ಳುತ್ತಿದ್ದ. ಅದು ಐದು ತಿಂಗಳ ಹಿಂದಿನ ಮಾತು. ಈಗ ಅವನೂ ಉದ್ದ ಬಿಡುತ್ತಿದ್ದ.

ಸಂಜೆ ಆರಕ್ಕೆ ಫೋನು ಬಂತು.

"ತಂಗೀ, ನೀರ ಬಿಟ್ರು ನೋಡವಾ!" ಶಿವಪುತ್ರನ ದನಿ ಹಾರುತ್ತಿತ್ತು. "ಇವತ್ತ ಮುಂಜಾನಿ ಬಿಟ್ಟಾರಂತ, ಭಾಳ ಬಿಟ್ಟಾರಂತ. ಗ್ವಾಂಜಾಳದ ಬೆಳಿ ಉಳೀತು. ನಿಮ್ಮ ಹಡಗ ಎಲ್ಲೈತಿ?"

"ದಡ್ಡಿ ಕಡೆ."

"ಹುಷಾರ ಮತ್ತ. ನಮ್ಮ ಹೊಲಾ ತೊಯ್ದ್ರ ನಿಮ್ಮ ಮನಿ ಒಣಗತೈತಿ!"

ಬೀಜದ ಮಾತು, ಅತ್ತಿಗೆಯ ಸೊಂಟನೋವಿನ ಮಾತು ಎಲ್ಲ ಮುಗಿಸಿ ಕಸ್ತೂರಿ ಒಳಗಿನಿಂದ ಹೊರಗೆ ಬಂದಳು. ಫೋನಿನ ಮಾತು ಕೇಳಿಸಿಕೊಂಡ ಕರೆಪ್ಪ ಮೊಳಕಾಲುದ್ದ ನೀರಿನಲ್ಲಿ ನಿಂತಿದ್ದ. ಹಿಂದಿನ ಲಂಗರನ್ನು ಆಗಲೇ ಎತ್ತಿ ದೋಣಿಯೊಳಗೆ ಹಾಕಿದ್ದ, ಅದರಿಂದ ಇನ್ನೂ ಕೆಸರು ಸೋರುತ್ತಿತ್ತು. ದಂಡೆಯ ಹಗ್ಗವನ್ನು ಜಾಲಿಗಿಡದ ಬುಡಕ್ಕೆ ಸುತ್ತಿ, ದೋಣಿಯ ಮೂತಿ ಗಿಡಕ್ಕೆ ತಾಗುವಷ್ಟು ಎಳೆದು ಕಟ್ಟಿದ್ದ. ಗಂಟಿನ ಮೇಲೆ ಇನ್ನೊಂದು ಗಂಟು ಹಾಕುತ್ತಿದ್ದ. ನಿಧಾನ, ಅಚ್ಚುಕಟ್ಟಾಗಿ. ಮರೆವಿನಿಂದ ಕಟ್ಟುವ ಕೈಯಾಗಿರಲಿಲ್ಲ ಅದು.

ಸೊಸೆಯನ್ನು ಕಂಡು ಅವನ ಕೈ ನಿಂತಿತು.

"ಗಾಳಿ ಐತಿ," ಎಂದ.

ಎಲೆಯೂ ಅಲುಗುತ್ತಿರಲಿಲ್ಲ. ಅವನಿಗೆ ಏನು ಬೇಕಾಗಿದೆ ಎಂಬುದು ಕಸ್ತೂರಿಗೆ ಒಮ್ಮೆಲೇ ಬಿಚ್ಚಿಟ್ಟ ಹಾಗೆ ಕಂಡಿತು. ದೋಣಿ ಇಲ್ಲಿ ನೆಲ ಹಿಡಿದರೆ ಮುಂದಿನ ಮಳೆಯವರೆಗೆ ಏಳುವುದಿಲ್ಲ. ನೀರು ಹಿಂದೆ ಸರಿಯುತ್ತ ಸರಿಯುತ್ತ ಒಂದು ದಿನ ಆ ಜಾಗ ಹೊರಬೀಳುತ್ತದೆ. ಅವತ್ತು ಅವನು ಅಲ್ಲಿರುತ್ತಾನೆ. ಅಷ್ಟೇ ಅವನಿಗೆ ಬೇಕಾದದ್ದು. ಅವಳಿಗೆ ಬೇಕಾದದ್ದೂ ದೊಡ್ಡದೇನಲ್ಲ: ನೆಲವಿರುವ ಒಂದು ಕೋಣೆ, ಹಗ್ಗ ಬಿಚ್ಚಿ ಸಾಲೆಗೆ ಓಡುವ ಮಗಳು.

ಕೈಯಲ್ಲಿದ್ದ ಫೋನು ಮತ್ತೆ ಅದುರಿತು. ಹುಕ್ಕೇರಿಯ ಬಸ್‌ನಿಲ್ದಾಣದಿಂದ ಮಾಲಿಂಗ.

"ನಾ ನಾಳಿ ಮಧ್ಯಾಹ್ನ ಬರ್ತೇನಿ. ನಿಮ್ಮಣ್ಣಂದ ಏನರ ಸುದ್ದಿ?"

ಕರೆಪ್ಪ ಗಂಟಿನ ಮೇಲೆ ಕೈಯಿಟ್ಟು ಅವಳನ್ನೇ ನೋಡುತ್ತಿದ್ದ. ಬೇಡುವ ನೋಟವಲ್ಲ. ದಂಡ ಹೇಳುವವರೆದುರು ನಿಂತವನ ನೋಟ.

"ಇಲ್ರಿ," ಎಂದಳು ಕಸ್ತೂರಿ.

ಅವತ್ತು ಮಾವ ಎಣಿಸಲಿಲ್ಲ.

ಬೆಳಗಿನ ಜಾವ ಅವಳನ್ನು ಎಬ್ಬಿಸಿದ್ದು ಸಪ್ಪಳವಲ್ಲ. ಐದು ತಿಂಗಳು ಕಿವಿಯ ಬುಡದಲ್ಲಿ ತಪ್‌ತಪ್ ಎನ್ನುತ್ತಿದ್ದ ನೀರು ನಿಂತಿತ್ತು. ಬೆನ್ನ ಕೆಳಗೆ ದೋಣಿ ಮೂತಿಯ ಕಡೆಯಿಂದ ಒಂದಿಷ್ಟು ಎದ್ದಂತಿತ್ತು. ಹಿಂಬದಿ ಇನ್ನೂ ತೇಲುತ್ತಿತ್ತು. ಹಗ್ಗ ಬಿಚ್ಚಿ, ಕೋಲಿನಿಂದ ಜೋರಾಗಿ ನೂಕಿದರೆ ಇನ್ನೂ ಹೊತ್ತು ಮೀರಿರಲಿಲ್ಲ. ಅವಳು ಇಳಿದು ಜಾಲಿಗಿಡದ ಹತ್ತಿರ ಹೋದಳು. ಗಂಟಿನ ಮೇಲೆ ಬೆರಳಿಟ್ಟಳು. ಇಬ್ಬನಿಯಿಂದ ಹಗ್ಗ ಬಿಗಿದಿತ್ತು, ಆದರೆ ಬಿಚ್ಚಲಾಗದ್ದಲ್ಲ.

ಕರೆಪ್ಪ ಕಂಬಳಿ ಹೊದ್ದು ದಂಡೆಯ ಕಲ್ಲಿನ ಮೇಲೆ ಕೂತಿದ್ದ. ಯಾವಾಗಿನಿಂದ ಕೂತಿದ್ದನೋ.

"ಕಸ್ತೂರೀ," ಎಂದ. "ಆ ಹುಲ್ಲ ಭಾಳ ಹಸರ ಇತ್ತಲ್ಲವಾ."

ದೂರು ಇರಲಿಲ್ಲ ಆ ಮಾತಿನಲ್ಲಿ. ನಿಜಕ್ಕೂ ಹಸಿರಿತ್ತು, ನಾನೂ ನೋಡಿದ್ದೆ, ನಾನೂ ಒಪ್ಪಿದ್ದೆ ಎಂದು ಹೇಳಿದಂತಿತ್ತು. ಎರಡು ವರ್ಷ ಕಾದ ಮಾತು ಇಷ್ಟು ಮೆತ್ತಗೆ ಬರಬಹುದೆಂದು ಅವಳು ಎಣಿಸಿರಲಿಲ್ಲ.

"ಹೌದ್ರಿ ಮಾವಾ," ಎಂದಳು.

ಗಂಟಿನಿಂದ ಬೆರಳು ತೆಗೆದಳು. ಒಳಗೆ ಹೋಗಿ ಒಲೆ ಹಚ್ಚಿ ಚಹಾಕ್ಕೆ ಇಟ್ಟಳು. ಚಹಾ ಕುದಿಯುವಷ್ಟರಲ್ಲಿ, ಮುದಿ ಎಮ್ಮೆ ಮಲಗುವಾಗ ಉಸಿರು ಬಿಡುವಂತೆ ಒಂದು ಸಲ ಭುಸ್ಸೆಂದು ದೋಣಿ ಕೆಸರಿನಲ್ಲಿ ಕೂತಿತು. ಗಂಗಾಳಗಳು ಒಂದರ ಹಿಂದೊಂದು ಜಾರಿ ಮೂಲೆಗೆ ಹೋದವು. ನಂದಾ ಎದ್ದು ಕೂತು ನಕ್ಕಳು.

ಮಧ್ಯಾಹ್ನ ಮಾಲಿಂಗ ದಂಡೆಯ ಮೇಲಿಂದಲೇ ಓಡಿ ಬಂದ. ಕೈಯಲ್ಲಿದ್ದ ಚೀಲ ಎಲ್ಲೋ ಬಿತ್ತು. ದೋಣಿಯ ಸುತ್ತ ಎರಡು ಸುತ್ತು ತಿರುಗಿದ. ನೀರು ಆಗಲೇ ಹಿಂಬದಿಯನ್ನೂ ಬಿಟ್ಟು ನಾಲ್ಕು ಮಾರು ಆಚೆ ಹೋಗಿತ್ತು.

"ಕುದರಿ ಅಲ್ಲ ಇದು, ಕುದರಿ ಅಲ್ಲ ಅಂತ ಎಷ್ಟ ಸಲ ಹೇಳೀನಪ್ಪಾ ನಿನಗ!"

"ತಪ್ಪಾತು," ಎಂದ ಕರೆಪ್ಪ.

"ತಪ್ಪಾತಂತ! ನಾಳಿ ಆ ಮನಶ್ಯಾಗ ಏನ ತೋರಸ್ಲಿ? ಈ ಕೆಸರ ತೋರಸ್ಲಿ?"

ಉದ್ದವ್ವನ ಮನೆಯ ಗಂಡಸರು, ಅವರ ಬಾಜೂದವರು ಎಂಟು ಜನ ಬಂದು ಹೆಗಲು ಕೊಟ್ಟರು. ದೋಣಿ ಅಲುಗಲಿಲ್ಲ. ಟ್ರ್ಯಾಕ್ಟರಿನವನು ಮೇಲಿನಿಂದಲೇ ನೋಡಿ, ತನ್ನ ಗಾಲಿಯೂ ಅಲ್ಲೇ ಉಳಿದೀತು ಎಂದು ತಿರುಗಿಸಿಕೊಂಡು ಹೋದ. ಸೋಮವಾರ ಬೆಳಗ್ಗೆ ಶ್ರೀಶೈಲನಿಗೆ ಫೋನು ಮಾಡಿ ಮಾಲಿಂಗ ಎಲ್ಲ ಹೇಳಿದ. ಮಳೆಗಾಲದವರೆಗೆ ತಡೆಯಿರಿ ಎಂದು ಬೇಡಿಕೊಂಡ. ಆ ಕಡೆಯವನ ಮಾತು ಕಸ್ತೂರಿಗೂ ಕೇಳಿಸಿತು. ಒರಟಾಗಿ ಹೇಳಲಿಲ್ಲ ಅವನು. "ನೀರಾಗಿರೂ ದೋಣಿ ಬೇಕಪ್ಪಾ ನನಗ" ಎಂದ.

ಮಾಲಿಂಗ ಫೋನು ಕೆಳಗಿಟ್ಟ. ಆಮೇಲೆ, ಇನ್ನೂ ಎಷ್ಟು ದಿನ ನೀರು ಬಿಡುತ್ತಾರೋ ಕೇಳೋಣವೆಂದು, ಹೆಂಡತಿಯ ಫೋನು ತೆಗೆದು ಶಿವಪುತ್ರನ ಹೆಸರು ಹುಡುಕಿದ. ಹೆಸರಿನ ಕೆಳಗೇ ಇತ್ತು: ಶನಿವಾರ, ಆರು ಗಂಟೆ ಎಂಟು ನಿಮಿಷ.

"ಶನಿವಾರ ಫೋನ್ ಬಂದಿತ್ತು?"

"ಬಂದಿತ್ತು," ಎಂದಳು ಕಸ್ತೂರಿ.

"ನಾ ಕೇಳಿದ್ದು ಆಮ್ಯಾಲೋ, ಮೊದಲೋ?"

"ಆಮ್ಯಾಲೆ."

ಅವನು ಬೈಯಲಿಲ್ಲ. ಬೈಯುವ ಗಂಡನನ್ನು ಅವಳು ನಿಭಾಯಿಸಬಲ್ಲವಳಾಗಿದ್ದಳು. ಅವನು ಫೋನನ್ನು ಬೆಂಚಿನ ಮೇಲಿಟ್ಟ, ಅದು ವಾಲಿಗೆ ಜಾರಿತು, ಮತ್ತೆ ಎತ್ತಿ ಜಾರದ ಕಡೆಗೆ ಇಟ್ಟ. ಹೊರಗೆ ಹೋಗಿ ಜಾಲಿಗಿಡದ ಗಂಟನ್ನು ಬಹಳ ಹೊತ್ತು ನೋಡಿದ. ತಂದೆಯನ್ನು ಏನೂ ಕೇಳಲಿಲ್ಲ. ಅವ್ವನ ಮಾತು ಎತ್ತಿದರೆ ಅವನು ತಿಳಿದುಕೊಳ್ಳುತ್ತಿದ್ದನೇನೋ. ಆದರೆ ಅದನ್ನು ಹೇಳಬೇಕಾದವನು ಕರೆಪ್ಪ, ಅವನು ಹೇಳಲಿಲ್ಲ. ಹೇಳಬಹುದಾಗಿದ್ದವಳು ಕಸ್ತೂರಿ, ಅವಳಿಗೆ ಮೊದಲ ಶಬ್ದ ಸಿಗಲಿಲ್ಲ.

ಮರುದಿನ ಮಾಲಿಂಗ ಗೋವಾಕ್ಕೆ ಹೊರಟ. ಮಗಳ ನಡುವಿನ ಹಗ್ಗ ಬಿಚ್ಚಿ, "ಇನ್ನ ಇದು ಬ್ಯಾಡ, ನೀರ ದೂರ ಹೋಗೈತಿ" ಎಂದ. ದಡ್ಡಿಯ ಬಸ್ಸಿಗೆ ನಡೆಯುವಾಗ ಹೆಂಡತಿಗೆ ಒಂದೇ ಮಾತು ಹೇಳಿದ. "ಮಳಿ ಆದ ಮ್ಯಾಲೆ ನೋಡೂಣು."

ಅವಳು ಮಳೆಯನ್ನೇನೋ ಎಣಿಸಬಲ್ಲಳು. ನೋಡೂಣು ಎಂಬುದನ್ನು ಹೇಗೆ ಎಣಿಸಬೇಕೋ ತಿಳಿಯಲಿಲ್ಲ.

ವಾಲಿದ ಮನೆಯ ಸಂಸಾರ ನಡೆಯಿತು. ಅನ್ನದ ಪಾತ್ರೆಗೆ ಒಂದು ಕಡೆ ಕಲ್ಲು ಕೊಡಬೇಕು, ಮಲಗಿದವರು ಬೆಳಗಾಗುವಷ್ಟರಲ್ಲಿ ಒಂದೇ ಮೂಲೆಗೆ ಸೇರುತ್ತಾರೆ. ನಂದಾ ನಿಂಬೆಹಣ್ಣು ಉರುಳಿಸಿ ಅದರ ಹಿಂದೆ ಓಡುತ್ತಿದ್ದಳು. ಕಸ್ತೂರಿ ದಂಡೆಯ ಮೇಲಿನವರ ಕಬ್ಬಿನ ಹೊಲಕ್ಕೆ ಕಳೆ ಕೀಳಲು ಹೋಗತೊಡಗಿದಳು. ನೀರು ದಿನಾ ಹಿಂದೆ ಹಿಂದೆ ನಡೆಯಿತು. ಕರೆಪ್ಪ ಅದರ ಹಿಂದೆಯೇ, ಹಿಂಡಿನ ಹಿಂದೆ ನಡೆದಂತೆ ಕೋಲು ಹಿಡಿದು ನಡೆದ.

ಏಪ್ರಿಲ್ ಮುಗಿಯುವಾಗ ಹಳೆಯ ಜಾಗಗಳು ಒಂದೊಂದೇ ಹೊರಬಿದ್ದವು. ಆದರೆ ಅವು ಹಳೆಯವಾಗಿ ಉಳಿದಿರಲಿಲ್ಲ. ಎರಡು ಮಳೆಗಾಲದ ಹೂಳು ಎಲ್ಲದರ ಮೇಲೂ ಒಂದೇ ಬಣ್ಣ ಬಳಿದಿತ್ತು. ಇನ್ನೂರು ಕುರಿಯಲ್ಲಿ ಒಂದರ ಕೆಮ್ಮು ಕೇಳಿ ಯಾವುದೆಂದು ಹೇಳುತ್ತಿದ್ದವನು, ಒಂದು ಕಲ್ಲಿನ ಮುಂದೆ ನಿಂತು, ಇನ್ನೊಂದರ ಮುಂದೆ ನಿಂತು, ಮತ್ತೆ ಮೊದಲಿನದಕ್ಕೆ ಬರುತ್ತಿದ್ದ. ನಾಲ್ಕನೆಯ ದಿನ ಒಂದು ಜಾಲಿಬೊಡ್ಡೆಯ ಪಕ್ಕದ ದಿಣ್ಣೆಯ ಮುಂದೆ ಕೂತುಬಿಟ್ಟ.

ಅದಲ್ಲವೆಂದು ಕಸ್ತೂರಿಗೆ ಗೊತ್ತಿತ್ತು. ಜಾಗ ತೋರಿಸಿದವಳು ಅವಳು. ತೋರಿಸಿದ ಬೆರಳು ಆ ಜಾಗವನ್ನು ಮರೆತಿರಲಿಲ್ಲ. ಅದು ಇನ್ನೂ ನಲವತ್ತು ಹೆಜ್ಜೆ ಕೆಳಗೆ, ಬೊಡ್ಡೆಗೂ ಎದುರಿನ ಗುಡ್ಡದ ಸೀಳಿಗೂ ನೇರ, ಇನ್ನೂ ಸೊಂಟದುದ್ದ ನೀರಿನಲ್ಲಿ. ಹೇಳಿದರೆ ಮುದುಕ ಮತ್ತೆ ಕಾಯಬೇಕು. ಆ ನೀರು ಇಳಿಯುತ್ತದೆಂದು ಹೇಳುವವರು ಯಾರು? ಉದ್ದವ್ವನ ಮನೆಯಿಂದ ಹಾಲು ತಂದು ಕೊಟ್ಟಳು. ಕರೆಪ್ಪ ಅದನ್ನು ದಿಣ್ಣೆಯ ಮೇಲೆ ಎರೆದ. ದಿನಕ್ಕೆ ಒಂದೊಂದು ಕಲ್ಲು ಹೊತ್ತು ತಂದು ಸುತ್ತ ಇಟ್ಟ.

"ಆಯಿ ಇಲ್ಲೇ ಅದಾಳೇನವ್ವಾ?" ಎಂದು ಕೇಳಿದಳು ನಂದಾ.

ಕರೆಪ್ಪ ತಲೆ ಎತ್ತಲಿಲ್ಲ.

"ಹೂಂ," ಎಂದಳು ಕಸ್ತೂರಿ.

ಆ ವರ್ಷ ಘಟ್ಟದಲ್ಲಿ ಮಳೆ ಬೇಗ ಹಿಡಿಯಿತು. ನೀರು ಇಳಿಯುವುದನ್ನು ನಿಲ್ಲಿಸಿ ಎರಡು ದಿನ ಯೋಚಿಸಿದಂತೆ ನಿಂತಿತು. ಮೂರನೆಯ ದಿನ ಕೆಂಪಾಗಿ ಮೇಲೇರಿತು. ಆ ನಲವತ್ತು ಹೆಜ್ಜೆ ಬಿಟ್ಟುಕೊಡಲೇ ಇಲ್ಲ. ವಾರದಲ್ಲಿ ಕರೆಪ್ಪನ ಕಲ್ಲುಗಳೂ ಮುಳುಗಿದವು. ಜೂನ್ ಕಳೆಯುವಷ್ಟರಲ್ಲಿ ದೋಣಿಯ ಹಿಂಬದಿಗೆ ನೀರು ತಾಗಿತು. ತಪ್‌ತಪ್ ಎಂಬ ಸಪ್ಪಳ ತಿರುಗಿ ಬಂತು. ಗೋವಾದಿಂದ ಫೋನು ಬರುತ್ತಿತ್ತು. ಮಾಲಿಂಗ ಮಗಳ ಜೊತೆ ಮಾತಾಡಿ ಇಡುತ್ತಿದ್ದ.

ನೀರು ತಾಗಿದ ದಿನ ಸಂಜೆ, ಬಹಳ ದಿನಗಳ ಮೇಲೆ ಕರೆಪ್ಪ ಎಣಿಸಿದ. ಕೊಡ, ಬಕೀಟು, ಗಂಗಾಳ. ಮನುಷ್ಯರು ಮೂರು. ಆಮೇಲೆ ಅವನ ತುಟಿ ಎರಡು ಸಲ ಅಲುಗಿತು.

ಎಣಿಸಿ ಮುಗಿಸಿ ನೀರಿಗಿಳಿದ. ಮೀನಖಂಡ ಮುಳುಗುವಷ್ಟು ನೀರಿನಲ್ಲಿ ನಿಂತ. ಕಸ್ತೂರಿ ಹಗ್ಗ ಹಿಡಿದು ಹಿಂದೆ ಬಂದವಳು ಅವನ ನೋಟ ಹೋದ ಕಡೆಗೆ ನೋಡಿದಳು. ಅವನು ನೋಡುತ್ತಿದ್ದುದು ಕಲ್ಲುಗಳು ಮುಳುಗಿದ ಜಾಗವನ್ನಲ್ಲ. ಅದರಾಚೆಗೆ, ಗುಡ್ಡದ ಸೀಳಿಗೆ ನೇರ, ನಲವತ್ತು ಹೆಜ್ಜೆ ಕೆಳಗೆ.

"ಮಾವಾ…" ಎಂದಳು.

"ನೀರ ಬಂತು," ಎಂದ ಕರೆಪ್ಪ, ಅವಳತ್ತ ತಿರುಗದೆ. "ಹಗ್ಗ ಉದ್ದ ಬಿಡವಾ."

ಕಸ್ತೂರಿ ಜಾಲಿಗಿಡದ ಎರಡು ಗಂಟನ್ನೂ ಬಿಚ್ಚಿ, ಕೈಯಲ್ಲಿದ್ದ ಹಗ್ಗವನ್ನು ದೋಣಿಯ ಹಗ್ಗಕ್ಕೆ ಜೋಡಿಸಿ, ಮಾರು ಮಾರಾಗಿ ಬಿಡುತ್ತ ಹೋದಳು.